ನಳ ಬಂದ ದಿನದ ಮಿಸ್ಸಿಂಗ್

ನನಗೆ ಗಾಡಿ ಬಿಡಲಿಕ್ಕೆ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬರೆಯುವುದನ್ನು ಓದಿ ಕೆಲವರು ತಲೆಯಾಡಿಸುತ್ತಾರೆ, ನಾವು ಆಗಲೇ ಹೇಳಿರಲಿಲ್ಲವೇ ಎನ್ನುತ್ತಾರೆ. ಅವರಿಗೆ ಆ ಸಂತೋಷ ಕೊಡುವ ಮನಸ್ಸು ನನಗಿಲ್ಲ. ನನ್ನ ತಮ್ಮನಿಗೆ ನಾನು ಅನ್ಯಾಯ ಮಾಡಿದ್ದೇನೆ, ಅದನ್ನು ಬಿಚ್ಚಿ ಹೇಳುತ್ತೇನೆ. ನನ್ನ ಡ್ರೈವಿಂಗ್ ಬೇರೆ ಮಾತು. ಎರಡನ್ನೂ ಒಂದೇ ಪರಾತದಲ್ಲಿ ಕಲಸಬೇಡಿ.

ನಾನು ಓದಿದ್ದು ಆರನೆಯ ಇಯತ್ತೆಯವರೆಗೆ. ನಮ್ಮದು ಬಸವಕಲ್ಯಾಣ. ನನ್ನ ಗಂಡ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾರೆ. ಜೋಳ, ಗೋಧಿ, ಕಡಲೆಬೇಳೆ ಯಾವುದನ್ನು ಎಷ್ಟು ಸಣ್ಣಗೆ ಬೀಸಬೇಕೆಂದು ಮುಟ್ಟಿ ನೋಡಿಯೇ ಹೇಳುತ್ತಾರೆ, ಆದರೆ ಸ್ಟೇರಿಂಗ್ ಮುಂದೆ ಕೂರಿಸಿದರೆ ಕೀಲಿ ತಿರುಗಿಸುವ ಮೊದಲೇ ಇಳಿದುಬಿಡುತ್ತಾರೆ. ಮನೆಗೆ ಹಳೆಯದೊಂದು ಪೆಟ್ರೋಲ್ ಕಾರು ಬಂದಾಗ ಬಿಡಲು ಕಲಿತವಳು ನಾನು. ಬೆಳಿಗ್ಗೆ ಕಲ್ಯಾಣದಿಂದ ನಾಲ್ವರು ಟೀಚರ್‌ಗಳನ್ನು ಕೂರಿಸಿಕೊಂಡು ಹೊರಡುತ್ತೇನೆ. ಒಬ್ಬರು ರಾಜೇಶ್ವರದಲ್ಲಿ ಇಳಿಯುತ್ತಾರೆ, ಇಬ್ಬರು ಹುಮನಾಬಾದಿನಲ್ಲಿ. ಇನ್ನೊಬ್ಬರು ಹುಮನಾಬಾದಿನಿಂದ ದುಬಲಗುಂಡಿಯ ಬಸ್ಸು ಹಿಡಿಯುತ್ತಾರೆ. ಸಂಜೆ ಎಲ್ಲರನ್ನೂ ಮತ್ತೆ ಕರೆತರುತ್ತೇನೆ. ಹಗಲಿಡೀ ಹುಮನಾಬಾದಿನಲ್ಲೇ, ಬಾಡಿಗೆ ಗಾಡಿಗಳು ನಿಲ್ಲುವ ಅಡ್ಡಾದಲ್ಲಿ ಇರುತ್ತೇನೆ, ಸಣ್ಣಪುಟ್ಟ ಬಾಡಿಗೆ ಸಿಕ್ಕರೆ ಹೋಗುತ್ತೇನೆ. ಅಲ್ಲಿ ನಿಲ್ಲುವವರಲ್ಲಿ ಹೆಂಗಸು ನಾನೊಬ್ಬಳೇ.

ಗಾಡಿ ಹುಡುಕಿ ತಂದವನೂ ಬಿಡಲು ಕಲಿಸಿದವನೂ ನನ್ನ ತಮ್ಮ. ಹೆದ್ದಾರಿಯ ಬದಿಗೆ ತಗಡಿನ ಶೆಡ್ಡಿನಲ್ಲಿ ಗ್ಯಾರೇಜ್ ಇಟ್ಟಿದ್ದ. ಕಲ್ಯಾಣದಲ್ಲಿ ಗಾಡಿ ಬಿಚ್ಚುವವರು, ಜೋಡಿಸುವವರು, ಹಳೆ ಲಾರಿ ಮಾರುವವರು ಓಣಿಗೊಬ್ಬರು ಸಿಗುತ್ತಾರೆ. ಅಂಥ ಊರಲ್ಲಿ ಒಬ್ಬ ಮಿಸ್ತ್ರಿಗೆ ಹೆಸರು ಬರುವುದು ಸುಲಭವಲ್ಲ. ಅವನಿಗೆ ಬಂದಿತ್ತು.

ಕಲಿಸುವಾಗ ಒಂದು ದಿನ ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟು, ಒಂದೊಂದೇ ಸಿಲಿಂಡರಿನ ವೈರ್ ಕಿತ್ತು ತೋರಿಸಿದ.

“ಈಗ ಕೇಳು. ಉಸಿರು ತಪ್ಪಿದಂಗ ಆತಿಲ್ಲೋ? ಅಂದ್ರ ಈ ಸಿಲಿಂಡರ್ ದುಡಿಯಾಕತ್ತಿತ್ತು. ವೈರ್ ಕಿತ್ತಿದ್ರೂ ಸಪ್ಪಳ ಬದಲಾಗಲಿಲ್ಲ ಅಂದ್ರ, ಅದು ಮೊದಲ ಕೆಲಸ ಬಿಟ್ಟು ಕುಂತದ ಅಂತ ತಿಳಿ.”

“ಮದಿವಿಗಿ ಬಂದ ಬೀಗರಂಗ,” ಎಂದೆ.

“ಹಂಗ ನೋಡು. ಎದ್ದು ಹೋದ್ರೂ ಯಾವ ಕೆಲಸನೂ ನಿಲ್ಲಲ್ಲ.”

ಅವನಿಗೊಂದು ಚಟವಿತ್ತು. ಸುಟ್ಟ ಮೋಟಾರುಗಳಿಂದ ಬಿಚ್ಚಿದ ತಾಮ್ರದ ತಂತಿ ಯಾವಾಗಲೂ ಜೇಬಿನಲ್ಲಿ ಇರುತ್ತಿತ್ತು. ಕೀಲಿಗೊಂಚಲು, ಹರಿದ ಚಪ್ಪಲಿ, ಅವ್ವನ ಕನ್ನಡಕದ ಕಾಲು, ಏನೇ ಇರಲಿ ಅದರಿಂದಲೇ ಕಟ್ಟುತ್ತಿದ್ದ. ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಮಡಚಿ ಒತ್ತುತ್ತಿದ್ದ, ಯಾರ ಕೈಗೂ ಚುಚ್ಚಬಾರದೆಂದು.

ನಮ್ಮಿಬ್ಬರ ನಡುವೆ ಮಾತು ಕೆಟ್ಟದ್ದು ಹೋದ ವರ್ಷ ಶ್ರಾವಣದಲ್ಲಿ, ಕಾಕಾನ ಮನೆಯಲ್ಲಿ. ಕಾಕಾ ನಮ್ಮ ಅಪ್ಪನ ತಮ್ಮ. ಅಪ್ಪ ಹೋದ ಮೇಲೆ ನಮಗೆ ಹಿರಿಯರೆಂದರೆ ಅವರೇ. ತಮ್ಮನ ಶೆಡ್ ನಿಂತಿದ್ದೂ ಅವರ ಜಾಗದಲ್ಲಿ. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ, ಎಲ್ಲರೂ ಊಟಕ್ಕೆ ಕೂತಿದ್ದೆವು.

“ಮಂದಿ ಏನಂತಾರ ಗೊತ್ತೇನು ನಿನಗ?” ಎಂದು ಕಾಕಾ ನನ್ನ ಕಡೆ ತಿರುಗಿದರು. “ನಿಮ್ಮ ಮನಿ ಮಗಳು ಹುಮನಾಬಾದ್ ಅಡ್ಡಾದಾಗ ಗಂಡಸರ ನಡುವ ನಿಂತು ಬಾಡಿಗಿ ಕೇಳ್ತಾಳ ಅಂತಾರ.”

“ಕೇಳಿದ್ರ ಸಿಗ್ತದ ಕಾಕಾ. ಅದಕ್ಕ ಕೇಳ್ತೀನಿ.”

ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ಕಾಕಾ ನಗಲಿಲ್ಲ. ತಮ್ಮನನ್ನು ನೋಡಿದರು. “ನೀ ಹೇಳಪಾ. ಕಲಿಸಿದವ ನೀನ.”

ತಮ್ಮ ತಟ್ಟೆಯಲ್ಲಿದ್ದ ಹೋಳಿಗೆಯನ್ನು ಸಣ್ಣಗೆ ಮುರಿಯುತ್ತ ಕೂತ. ತಲೆ ಎತ್ತದೆ ಹೇಳಿದ: “ಅಕ್ಕಾ, ಜರಾ ದಿನ ಈ ಕೆಲಸ ಬಿಟ್ಟು ನೋಡು.”

ಅವನು ಯಾಕೆ ಹಾಗೆ ಹೇಳಿದ ಎಂದು ನನಗೆ ಆಗಲೇ ತಿಳಿದಿತ್ತು. ಜಾಗ ಕಾಕಾನದು. ತಿಳಿದಿದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಗೊತ್ತಿಲ್ಲದವರು ಬಿಡು ಅಂದರೆ ನಕ್ಕು ಸುಮ್ಮನಾಗಬಹುದು. ನನ್ನ ಕೈ ಎಂಥದು ಎಂದು ಬಲ್ಲವನು ಅವನೊಬ್ಬನೇ ಇದ್ದ. ಅರ್ಧ ಊಟದಲ್ಲಿ ಎದ್ದು ಬಂದೆ. ಅವತ್ತಿನಿಂದ ಮಾತು ಬಿಟ್ಟೆ.

ದಸರೆ ಬಂತು. ನಮ್ಮ ಕಡೆ ಅವತ್ತು ಸಂಜೆ ಸಣ್ಣವರು ಹಿರಿಯರ ಮನೆಗೆ ಹೋಗಿ ಬನ್ನಿಯ ಎಲೆ ಕೈಗಿಟ್ಟು ಕಾಲು ಮುಟ್ಟುತ್ತಾರೆ. ವರ್ಷದ ಜಗಳ ಆ ಎಲೆಯಲ್ಲಿ ಮುಗಿಯಬೇಕು. ಒಮ್ಮೆ ಕೈಯಲ್ಲಿ ತೆಗೆದುಕೊಂಡರೆ ಹಳೆಯದನ್ನು ಮತ್ತೆ ಎತ್ತುವಂತಿಲ್ಲ. ನನಗೆ ಎತ್ತುವುದಿತ್ತು. ಅದಕ್ಕೆ ತೆಗೆದುಕೊಳ್ಳಬಾರದೆಂದೇ ಗಟ್ಟಿಮಾಡಿ ಕೂತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಅವನ ಮೋಟಾರ್‌ಸೈಕಲ್ ಬಂದು ನಿಂತಿತು. ಆ ಸಪ್ಪಳ ನನಗೆ ಸಾವಿರದಲ್ಲಿ ಗೊತ್ತಾಗುತ್ತದೆ. ನನ್ನ ಗಂಡ ಬಾಗಿಲ ಕಡೆ ಹೋದರು. ನಾನು ಅವರಿಗಿಂತ ಮೊದಲು ಹೋಗಿ ಅಗಳಿ ಹಾಕಿದೆ.

“ಅಕ್ಕಾ,” ಎಂದು ಹೊರಗಿನಿಂದ ಕರೆದ. ಸ್ವಲ್ಪ ಬಿಟ್ಟು, “ಅಕ್ಕಾ, ಬನ್ನಿ ತಂದೀನಿ.”

ನಾನು ಅಗಳಿಯ ಮೇಲಿಟ್ಟ ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೋಟಾರ್‌ಸೈಕಲ್ ಚಾಲೂ ಆಯಿತು, ಓಣಿ ದಾಟಿ ಹೋಯಿತು.

“ಎಲಿ ತಗೊಂಡಿದ್ರ ಕೈ ಸುಡ್ತಿತ್ತೇನು?” ಎಂದರು ನನ್ನ ಗಂಡ. ಮತ್ತೆ ಗಿರಣಿಗೆ ಹೋಗಿ ಕೂತರು.

ಮರುದಿನ ಬೆಳಿಗ್ಗೆ ನಳದಲ್ಲಿ ನೀರು ಬಂದಿತ್ತು. ಪೂಜೆ ಮಾಡಿದ ಗಾಡಿಯ ಮೇಲೆ ಚೆಂಡುಹೂವು, ಎಲೆ, ಕುಂಕುಮ, ಎಲ್ಲದರ ಮೇಲೆ ಗಿರಣಿಯ ಹಿಟ್ಟಿನ ಪದರ. ಗಾಡಿ ಗಿರಣಿಯ ಮುಂದೆಯೇ ನಿಲ್ಲುವುದರಿಂದ ದಿನವೂ ಗಾಜಿನ ಮೇಲೆ ಹಿಟ್ಟು ಕೂರುತ್ತದೆ, ತೊಳೆಯದೆ, ಇಲ್ಲವೇ ಒರೆಸದೆ, ರಸ್ತೆ ಕಾಣುವುದಿಲ್ಲ. ಪೈಪ್ ಹಿಡಿದು ಜೋರಾಗಿ ನೀರು ಬಿಟ್ಟು ಎಲ್ಲವನ್ನೂ ತೊಳೆದುಬಿಟ್ಟೆ. ಹಿಂದಿನ ಸಂಜೆಯ ಸಿಟ್ಟೂ ಆ ನೀರಿನಲ್ಲಿತ್ತು.

ಆ ವಾರವೇ ಗಾಡಿ ಮಿಸ್ಸಿಂಗ್ ಹೊಡೆಯಲು ಶುರುಮಾಡಿತು. ಕಲ್ಯಾಣ ಬಿಟ್ಟು ಹೆದ್ದಾರಿಗೆ ಏರಿ ಕಾಲು ಒತ್ತಿದರೆ ಜಗ್ಗುವುದು, ತಡವರಿಸುವುದು, ಏರಿನಲ್ಲಿ ಸತ್ತೇಹೋದಂತೆ ಆಗುವುದು. ಲಾರಿಗಳು ಹಿಂದಿನಿಂದ ಹಾರ್ನ್ ಹೊಡೆದು ಮೈಮೇಲೆ ಬರುತ್ತಿದ್ದವು. ರಾಜೇಶ್ವರ ದಾಟಿ ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ಹುಮನಾಬಾದ್ ಮುಟ್ಟುವ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಕೆಲವು ದಿನ ಇಡೀ ದಾರಿ ಸುಮ್ಮನಿರುತ್ತಿತ್ತು. ಮರುದಿನ ಮತ್ತೆ ಅದೇ.

ಮುಂದಿನ ಸೀಟಿನ ಟೀಚರ್, ದುಬಲಗುಂಡಿಗೆ ಹೋಗುವವರು, ಎಲ್ಲರಿಗಿಂತ ಹಿರಿಯರು. “ಗಾಡಿಗಿ ಬಿಕ್ಕಳಿಕಿ ಹತ್ತ್ಯಾದ. ಯಾರೋ ನೆನಸಾಕತ್ತಾರ ನೋಡ್ರಿ,” ಎಂದರು.

“ಯಮನೇ ಇರಬೇಕು,” ಎಂದು ಹಿಂದಿನಿಂದ ಒಬ್ಬರು ಹೇಳಿದರು. ಎಲ್ಲರೂ ನಕ್ಕರು. ಆದರೆ ರಾಜೇಶ್ವರದ ಟೀಚರ್ ಒಂದು ಕೈಯಿಂದ ಮೇಲಿನ ಹಿಡಿಕೆ ಹಿಡಿದುಕೊಂಡೇ ಕೂತಿದ್ದರು.

ಹುಮನಾಬಾದಿನ ಅಡ್ಡಾದಲ್ಲಿ ಈ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ದಾರಿಯಲ್ಲಿ ನನ್ನನ್ನು ಹಿಂದೆ ಹಾಕಿ ಬಂದ ಡ್ರೈವರ್‌ಗಳು ಚಹಾದಂಗಡಿಯ ಮುಂದೆ ನಿಂತಿದ್ದರು.

“ವೈನಿ, ಕ್ಲಚ್ ಮ್ಯಾಲ ಕಾಲಿಟ್ಟು ನಿದ್ದಿ ಮಾಡ್ತೀರೇನು?”

“ಅವ್ರದೇನು ತಪ್ಪಿಲ್ಲೋ. ರೊಟ್ಟಿ ಬಡದು ರೂಢಿ. ಗೇರ್‌ನೂ ಹಂಗ ಬಡೀತಾರ.”

“ವೈನಿ, ಗಾಡಿ ಕೊಡೋದಿದ್ರ ಹೇಳ್ರಿ. ಗಿರಾಕಿ ಅದ ನನ್ನ ಹತ್ರ.”

ಬೇರೆ ದಿನವಾಗಿದ್ದರೆ ತಿರುಗಿ ಉತ್ತರ ಕೊಡುತ್ತಿದ್ದೆ. ಅವತ್ತು ಏರಿನಲ್ಲಿ ಲಾರಿಯೊಂದು ಕೂದಲೆಳೆಯಷ್ಟು ಹತ್ತಿರ ಬಂದು ಹೋಗಿತ್ತು, ಆ ಹೆದರಿಕೆ ಇನ್ನೂ ಇಳಿದಿರಲಿಲ್ಲ. ಅದು ಇವರ ಕಣ್ಣಿಗೆ ಬಿದ್ದರೆ ಮುಗಿಯಿತು ಎನ್ನಿಸಿತು. ಎಲ್ಲರಿಗೂ ಕೇಳುವಂತೆ ಹೇಳಿದೆ:

“ನನ್ನ ಕೈ ಬರೋಬರಿ ಅದ. ಗಾಡಿ ಕೆಡಿಸಿದವ ನನ್ನ ತಮ್ಮ. ಡೂಪ್ಲಿಕೇಟ್ ಪ್ಲಗ್ ಹಾಕ್ಯಾನ. ಅವಗ ಕೆಲಸ ಬರಲ್ಲ.”

ಇದೇ ನನ್ನ ತಪ್ಪು. ಬಾಯಿ ತಪ್ಪಿ ಬಂದ ಮಾತು ಎನ್ನುವುದಿಲ್ಲ. ತಮ್ಮ ಆ ಪ್ಲಗ್ ಹಾಕಿದ್ದು ಆಷಾಢದಲ್ಲಿ, ನಮ್ಮ ಜಗಳಕ್ಕೂ ಮುಂಚೆ. ಕಂಪನಿಯ ಸೀಲಿದ್ದ ಡಬ್ಬಿಯನ್ನು ನನ್ನ ಮುಂದೆಯೇ ಒಡೆದಿದ್ದ. ದಸರೆಯವರೆಗೆ ಗಾಡಿ ಕುದುರೆಯಂತೆ ಓಡಿತ್ತು. ಪ್ಲಗ್ಗಿನ ತಪ್ಪಲ್ಲ ಎಂದು ಹೇಳುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ, ಯಾಕೆಂದರೆ ಆ ಗಂಡಸರು ತಕ್ಷಣ ನನ್ನನ್ನು ಬಿಟ್ಟು ಅವನ ಕಡೆ ತಿರುಗಿದರು. ಅವನ ಹೆಸರನ್ನು ಅವರ ಬಾಯಿಗೆ ಹಾಕಿ ನಾನು ಪಕ್ಕಕ್ಕೆ ಸರಿದೆ.

ಗಾಡಿಯವರ ನಡುವೆ ಮಾತು ಬೇಗ ಓಡುತ್ತದೆ. ಒಂದು ಸಂಜೆ ನನ್ನ ಗಂಡ ಹೇಳಿದರು: “ನಿನ್ನ ತಮ್ಮ ಸಿಕ್ಕಿದ್ದ. ಮುಂಜಾನಿ ಚಾಲೂ ಮಾಡೋಕಿಂತ ಮೊದಲ ಗಾಡಿ ಒಂದ್ಸಲ ನನಗ ತೋರಿಸ್ಲಿ ಅಂದ.”

“ಬ್ಯಾಡಂತ ಹೇಳ್ರಿ.”

“ಮತ್ತೇನೂ ಅನ್ನಲಿಲ್ಲ ಅವ. ಇಷ್ಟ ಅಂದ.”

“ಬ್ಯಾಡಂತ ಹೇಳ್ರಿ,” ಎಂದೆ ಮತ್ತೆ.

ಹುಮನಾಬಾದಿನ ಒಬ್ಬ ಮಿಸ್ತ್ರಿಗೆ ತೋರಿಸಿದೆ. ಪ್ಲಗ್ಗಿನ ತಲೆಯ ಮೇಲೆ ಕೂತು ಕಿಡಿ ಕೊಡುವ ಕಾಯಿಲ್‌ಗಳನ್ನು ಆತ ನೋಡಿದ, ಪೆಟ್ರೋಲ್ ಇಳಿಸಿ ಬೇರೆ ಹಾಕಿದ, ಏರ್ ಫಿಲ್ಟರ್ ಬದಲಿಸಿದ. ನಾನು ಹೋಗಿ ನಿಲ್ಲಿಸುವ ಹೊತ್ತಿಗೆ ಗಾಡಿ ಸರಿಯಾಗಿರುತ್ತಿತ್ತು. ಆತ ರೇಸ್ ಕೊಟ್ಟು ನೋಡಿ ಕೈ ಒರೆಸಿಕೊಂಡ.

“ಅಕ್ಕಾ, ನಿಮ್ಮ ಗಾಡಿ ನಮ್ಮ ಸೊಸಿ ಇದ್ದಂಗ ಅದ. ಮಂದಿ ಮುಂದ ಭಾಳ ಒಳ್ಳೇದು, ಮನ್ಯಾಗ ಅಷ್ಟ ರಗಳಿ.”

“ನಿಮ್ಮ ಸೊಸಿಗಿ ಕೇಳಿದ್ರ ಬ್ಯಾರೆ ಹೇಳ್ತಾಳ.”

“ಅದೂ ಖರೇ,” ಎಂದು ನಕ್ಕ. “ಪ್ಲಗ್ ಮಾತ್ರ ಚಲೋ ಅವ. ಯಾರ್ ಹಾಕ್ಯಾರ?”

ಎಷ್ಟಾಯಿತು ಎಂದು ಕೇಳಿ ನಾನು ದುಡ್ಡು ತೆಗೆದೆ.

ಚಳಿಗಾಲವೆಲ್ಲ ಹೀಗೇ ಕಳೆಯಿತು. ಶಿವರಾತ್ರಿಯ ಸುಮಾರಿಗೆ ಓಣಿಯಲ್ಲಿ ರಸ್ತೆ ಅಗೆಯುವವರು ನೀರಿನ ಪೈಪ್ ಒಡೆದರು. ನಳ ಬರಲಿಲ್ಲ. ಹೆಂಗಸರೆಲ್ಲ ಕೊಡ ಹಿಡಿದು ಬೈಯುತ್ತ ಓಡಾಡುತ್ತಿದ್ದ ಆ ದಿನಗಳಲ್ಲಿ ನಾನು ಗಾಡಿಯ ಗಾಜನ್ನು ಒಣಬಟ್ಟೆಯಿಂದ ಒರೆಸಿಕೊಂಡು ಹೋಗುತ್ತಿದ್ದೆ. ಗಾಡಿ ಒಮ್ಮೆಯೂ ಜಗ್ಗಲಿಲ್ಲ.

“ಇವತ್ತೂ ಬಿಕ್ಕಳಿಕಿ ಇಲ್ಲಲ್ಲ,” ಎಂದರು ಮುಂದಿನ ಸೀಟಿನ ಟೀಚರ್. ಅವರ ಮನೆ ನನ್ನ ತಮ್ಮನ ಓಣಿಯಲ್ಲೇ. ಸ್ವಲ್ಪ ತಡೆದು, ದನಿ ಇಳಿಸಿ ಕೇಳಿದರು: “ನಿಮ್ಮ ತಮ್ಮ ಶೆಡ್ ಖಾಲಿ ಮಾಡ್ತಾರಂತಲ್ಲ, ಹೌದೇನ್ರಿ?”

“ಯಾರು ಹೇಳಿದ್ರು?”

“ಅವ್ರ ಹೆಂಡ್ತಿ ಅಳಾಕತ್ತಿದ್ಳು. ಯುಗಾದಿ ತನ ಟೈಮ್ ಕೊಟ್ಟಾರಂತ ನಿಮ್ಮ ಕಾಕಾ. ಟೈರಿನ ಅಂಗಡಿಗಿ ಕೊಡ್ತಾರಂತ ಆ ಜಾಗ. ಸ್ವಂತ ಅಕ್ಕನ ಅವಗ ಕೆಲಸ ಬರಲ್ಲ ಅಂದಾಳ, ಗಿರಾಕಿ ಹ್ಯಾಂಗ ಬರ್ತಾರ, ಬಾಡಿಗಿ ಹ್ಯಾಂಗ ಕೊಡ್ತಾನ ಅಂದ್ರಂತ.”

ನಾನು ರಸ್ತೆ ನೋಡುತ್ತ ಗಾಡಿ ಬಿಟ್ಟೆ. ಅವತ್ತು ಇಂಜಿನ್ ಎಷ್ಟು ನೆಟ್ಟಗೆ ಓಡುತ್ತಿತ್ತೆಂದರೆ, ಟೀಚರ್ ಹೇಳಿದ ಒಂದೊಂದು ಅಕ್ಷರವೂ ಕೇಳಿಸಿತು.

ಪೈಪ್ ರಿಪೇರಿಯಾಗಿ ನಳ ಬಂದ ದಿನ ಕೊಡ ತುಂಬಿ, ಎಂದಿನಂತೆ ಗಾಜಿನ ಮೇಲೆ ನೀರು ಸುರಿದೆ. ಹೆದ್ದಾರಿಗೆ ಏರಿದೊಡನೆ ಗಾಡಿ ಜಗ್ಗಿತು. ಮರುದಿನ ನಳ ಇರಲಿಲ್ಲ, ಗಾಡಿ ಸುಮ್ಮನಿತ್ತು. ಅದರ ಮಾರನೆಯ ಬೆಳಿಗ್ಗೆ ಮತ್ತೆ ಕೊಡ ಎತ್ತಿ ಗಾಜಿನ ಹತ್ತಿರ ಹಿಡಿದವಳು ಹಾಗೆಯೇ ನಿಂತೆ. ಯಾವ ದಿನ ಜಗ್ಗಿತ್ತು, ಯಾವ ದಿನ ಜಗ್ಗಿರಲಿಲ್ಲ ಎಂದು ಹಿಂದಕ್ಕೆ ನೆನೆಸುತ್ತ ಹೋದೆ. ನಳ ಬಂದ ದಿನ ಮಿಸ್ಸಿಂಗ್, ನಳ ಬರದ ದಿನ ಇಲ್ಲ. ಕಲ್ಯಾಣದಲ್ಲಿ ನಳ ದಿನ ಬಿಟ್ಟು ದಿನ, ಕೆಲವೊಮ್ಮೆ ಅದೂ ಇಲ್ಲ. ಅದಕ್ಕೇ ಗಾಡಿಯ ಕಾಯಿಲೆಗೆ ಲೆಕ್ಕ ಸಿಕ್ಕಿರಲಿಲ್ಲ. ಹುಮನಾಬಾದಿನ ಮಿಸ್ತ್ರಿಗೆ ಅದು ಸಿಗುವುದು ಸಾಧ್ಯವೂ ಇರಲಿಲ್ಲ, ಆತನ ಊರಿನ ನಳ ಬೇರೆ.

ರವಿವಾರ ಟೀಚರ್‌ಗಳಿಗೆ ರಜೆ. ನೀರು ಸುರಿದು, ಗಾಡಿ ಚಾಲೂ ಮಾಡಿ, ಬಾನೆಟ್ ಎತ್ತಿದೆ. ಜಗ್ಗುತ್ತಿತ್ತು. ತಮ್ಮ ಕಲಿಸಿದಂತೆ ಒಂದೊಂದೇ ಕಾಯಿಲ್‌ನ ವೈರ್ ಕೀಳುತ್ತ ಕಿವಿಗೊಟ್ಟೆ. ಮೊದಲ ಮೂರರಲ್ಲಿ ಉಸಿರು ತಪ್ಪಿತು. ನಾಲ್ಕನೆಯದನ್ನು ಕಿತ್ತೆ, ಸಪ್ಪಳ ಬದಲಾಗಲಿಲ್ಲ. ಬೀಗರು ಅಲ್ಲಿ ಕೂತಿದ್ದರು.

ಇಂಜಿನ್ ಬಂದ್ ಮಾಡಿ ನಾಲ್ಕನೆಯದರ ಕಾಯಿಲ್ ಎಳೆದೆ. ಅದರ ರಬ್ಬರ್ ಒದ್ದೆಯಾಗಿತ್ತು. ಪ್ಲಗ್ ಕೂರುವ ತೂತು ಸಣ್ಣ ಬಾವಿಯಂತೆ ಇರುತ್ತದೆ, ಅದರ ತಳದಲ್ಲಿ ನೀರು. ಬಟ್ಟೆ ಸುತ್ತಿ ಒರೆಸಿದೆ, ತುಕ್ಕಿನ ಬಣ್ಣ ಬಂತು. ಆ ಪ್ಲಗ್ ಮತ್ತು ಕಾಯಿಲ್ ಎರಡನ್ನೂ ಚೆನ್ನಾಗಿ ಒಣಗಿಸಿ ಒಂದನೆಯದಕ್ಕೆ ಹಾಕಿದೆ, ಒಂದನೆಯದರದನ್ನು ನಾಲ್ಕಕ್ಕೆ. ಮತ್ತೆ ನೀರು, ಮತ್ತೆ ಚಾಲೂ. ಈಗಲೂ ಸತ್ತಿದ್ದು ನಾಲ್ಕನೆಯದೇ. ಅಲ್ಲಿಂದ ಬಂದ ಪ್ಲಗ್ ಒಂದನೆಯದರಲ್ಲಿ ಚೆಂದಾಗಿ ದುಡಿಯುತ್ತಿತ್ತು. ಯಾವ ಪ್ಲಗ್ಗನ್ನು ನಾನು ಊರ ಮುಂದೆ ಡೂಪ್ಲಿಕೇಟ್ ಎಂದಿದ್ದೆನೋ ಅದೇ.

ಇಂಜಿನ್ ಬಂದ್ ಮಾಡಿ, ನನ್ನ ಗಂಡನ ಕೈಗೆ ಕೊಡ ಕೊಟ್ಟೆ. ಬಾನೆಟ್ ಎತ್ತಿದಂತೆಯೇ ಇರಲಿ, ಗಾಜಿನ ಬುಡಕ್ಕೆ ಮೆಲ್ಲಗೆ ಸುರಿಯಿರಿ ಎಂದೆ. ವೈಪರುಗಳ ಕೆಳಗೆ ಜಾಳಿಯಂಥ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಗಾಜಿನ ನೀರು ಅದರೊಳಗಿನ ಸಣ್ಣ ಕಾಲುವೆಗೆ ಇಳಿದು ಪಕ್ಕದ ತೂತಿನಿಂದ ನೆಲಕ್ಕೆ ಹೋಗಬೇಕು. ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲುವೆ ತುಂಬಿ ಇಂಜಿನ್ ಕಡೆ ತುಳುಕಿತು, ನೇರ ನಾಲ್ಕನೆಯ ಬಾವಿಯ ಮೇಲೆ. ರಾಜೇಶ್ವರ ದಾಟುವ ಹೊತ್ತಿಗೆ ಇಂಜಿನ್ ಕಾವಿಗೆ ಆ ನೀರು ಒಣಗುತ್ತಿತ್ತು.

ಪಟ್ಟಿ ಬಿಚ್ಚಿ ತೂತಿಗೆ ಬೆರಳು ಹಾಕಿದೆ. ಗಿರಣಿಯ ಹಿಟ್ಟು ನೀರು ಕುಡಿದು, ಒಣಗಿ, ಮತ್ತೆ ಕುಡಿದು, ಕಣಕದಂತೆ ಗಟ್ಟಿಯಾಗಿತ್ತು.

“ನಾ ಬೀಸಿದ್ದೆಲ್ಲ ಗಾಡಿಗಿ ತಿನಿಸೀದಿ ನೀ,” ಎಂದರು ನನ್ನ ಗಂಡ.

ಕಣಕದ ಜೊತೆ ಸಣ್ಣ ಸಣ್ಣ ಒಣ ಎಲೆಗಳು ಬಂದವು. ಆಮೇಲೆ ಒಂದು ಕಡ್ಡಿಗಳ ಕಟ್ಟು. ಬನ್ನಿಯ ಕಡ್ಡಿ. ಅದಕ್ಕೆ ತಾಮ್ರದ ತಂತಿ ಸುತ್ತಿತ್ತು, ತುದಿ ಒಳಗೆ ಮಡಚಿತ್ತು.

ನನ್ನ ಗಂಡ ಕೊಡ ಕೆಳಗಿಟ್ಟರು. ಒಳಗೆ ಹೋದರು.

ಅವನು ಬಾಗಿಲ ಮುಂದೆ ನಿಂತು ಕರೆದು, ನಾನು ತೆರೆಯದೆ ಇದ್ದಾಗ, ತಂದ ಬನ್ನಿಯನ್ನು ವಾಪಸ್ ಒಯ್ಯದೆ ವೈಪರ್ ಕೆಳಗೆ ಸಿಕ್ಕಿಸಿ ಹೋಗಿದ್ದ. ಬೆಳಿಗ್ಗೆ ನಾನು ಕಾಣುತ್ತೇನೆ ಎಂದುಕೊಂಡಿರಬೇಕು. ನಾನು ನೋಡದೆ ಪೈಪ್ ಹಿಡಿದು, ಆ ಹಳೆಯ ಪಟ್ಟಿಯ ಒಡೆದ ಮೂಲೆಯಿಂದ ಅದನ್ನು ಕಾಲುವೆಗೆ ತಳ್ಳಿದ್ದೆ. ಅದನ್ನು ಅಲ್ಲಿ ಕೂರಿಸಿದ್ದು ನನ್ನ ನೀರು, ಅದಕ್ಕೆ ಗಾರೆ ಹಾಕಿದ್ದು ನನ್ನ ಮನೆಯ ಹಿಟ್ಟು.

ಸೋಮವಾರ ಟೀಚರ್‌ಗಳನ್ನು ಇಳಿಸಿ ನೇರ ಅಡ್ಡಾಕ್ಕೆ ಹೋದೆ. ಚಹಾದಂಗಡಿಯ ಮುಂದೆ ಅದೇ ಮಂದಿ ಇದ್ದರು. ಎಲ್ಲಿ ಹೇಳಿದ್ದೆನೋ ಅಲ್ಲೇ ಹೇಳಬೇಕಿತ್ತು.

“ಒಂದ್ ಮಾತದ, ಕೇಳ್ರಿ. ಗಾಡಿ ಕೆಟ್ಟಿದ್ದು ಪ್ಲಗ್‌ನಿಂದ ಅಲ್ಲ. ನಾ ಸುಳ್ಳ ಹೇಳಿದ್ದೆ. ಪ್ಲಗ್ ಅಸಲಿ ಅವ, ನನ್ನ ತಮ್ಮನ ಕೆಲಸ ಬರೋಬರಿ ಅದ. ನೀರು ಒಳಗ ಇಳೀತಿತ್ತು. ಹುಡುಕಿದ್ದು ನಾನ, ಸರಿ ಮಾಡಿದ್ದೂ ನಾನ.”

ರೊಟ್ಟಿಯ ಮಾತು ಆಡಿದ್ದವನು ಕೇಳಿದ: “ಹಂಗಾರ ಸುಳ್ಳ ಯಾಕ ಹೇಳಿದ್ರಿ ವೈನಿ?”

“ನಿಮ್ಮ ಬಾಯಿಗಿ ಹೆದರಿ ಹೇಳಿದೆ. ಇನ್ನ ಹೆದರಲ್ಲ.”

ಅವನು ಚಹಾದ ಗ್ಲಾಸ್ ನೋಡುತ್ತ ನಿಂತ. ನಾನು ಒಂದು ಚಹಾ ತೆಗೆದುಕೊಂಡು ಅಲ್ಲೇ, ಅವರ ನಡುವೆಯೇ ನಿಂತು ಕುಡಿದೆ.

ಕಾಕಾನ ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ಪೂರ್ತಿ ಕೇಳಿಸಿಕೊಂಡರು. “ಈಗ ಹೇಳಿದ್ರ ಏನ್ ಬಂತು? ಟೈರಿನವಗ ಮಾತು ಕೊಟ್ಟೀನಿ,” ಎಂದರು. ಆಮೇಲೆ, “ಅದಕ್ಕ ನಾ ಮೊದಲ ಹೇಳಿದ್ದೆ. ಹೆಣ್ಣುಮಗಳು ಗಾಡಿ ಬಿಟ್ರ ಮನಿ ಹಿಂಗ ಒಡೀತದ.”

“ತಪ್ಪು ಮಾಡಿದ್ದು ನನ್ನ ನಾಲಗಿ ಕಾಕಾ, ನನ್ನ ಕೈ ಅಲ್ಲ. ನಾಲಗಿ ಗಾಡಿ ಬಿಡಲಾರದ ಹೆಣ್ಣುಮಕ್ಕಳಿಗೂ ಅದ, ಗಂಡಸರಿಗೂ ಅದ. ನೀವು ಜಾಗ ಯಾರಿಗಿ ಬೇಕಾದ್ರೂ ಕೊಡ್ರಿ. ನನ್ನ ಹೆಸರ ಮ್ಯಾಲ ಮಾತ್ರ ಕೊಡಬ್ಯಾಡ್ರಿ.”

ಅವರು ಜಾಗ ಟೈರಿನವನಿಗೆ ಕೊಟ್ಟೇ ಬಿಟ್ಟರು. ನಾನು ಹೇಳಿದ್ದರಿಂದ ಶೆಡ್ ಉಳಿಯಲಿಲ್ಲ. ಅದನ್ನು ಇಲ್ಲಿ ಸಿಹಿ ಮಾಡಿ ಬರೆಯಲಾರೆ.

ತಮ್ಮನ ಬಳಿ ಹೋದಾಗ ಅವನು ಒಂದು ಜೀಪಿನ ಕೆಳಗೆ ಮಲಗಿದ್ದ. ಅರ್ಧ ಸಾಮಾನು ಆಗಲೇ ಚೀಲಗಳಲ್ಲಿ ಕಟ್ಟಿಟ್ಟಿತ್ತು. ಬಗ್ಗಿ, ಆ ಕಡ್ಡಿಯ ಕಟ್ಟನ್ನು ಅವನ ಕಣ್ಣಿಗೆ ಕಾಣುವಂತೆ ನೆಲದ ಮೇಲಿಟ್ಟೆ. ಏನಾಗಿತ್ತೆಂದು ಹೇಳಿದೆ. ಅವನು ಮಲಗಿದ್ದಲ್ಲಿಂದಲೇ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

“ಹಂಗಾರ ನೀ ಅಂದಿದ್ದು ಖರೇನ ಅದಲ್ಲ ಅಕ್ಕಾ. ಗಾಡಿ ಕೆಡಿಸಿದವ ನಾನ.”

“ಬ್ಯಾಡ. ಹಂಗ ಅನ್ನಬ್ಯಾಡ. ನೀ ಇಟ್ಟಿದ್ದು ಬನ್ನಿ. ನೀರು ಹೊಡೆದಾಕಿ ನಾನು.”

ಅವನು ಹೊರಗೆ ಸರಿದು ಕೂತ. ಕೈಗೆ ಹತ್ತಿದ ಆಯಿಲನ್ನು ಒಂದೊಂದೇ ಬೆರಳಿನಿಂದ ಒರೆಸಿದ.

“ಬಾಗಿಲ ತೆಗೀಲಿಲ್ಲ, ನಡೀತದ. ಮಾತು ಬಿಟ್ಟಿ, ಅದೂ ನಡೀತದ. ಕೆಲಸ ಬರಲ್ಲ ಅಂದಿ ಅಕ್ಕಾ. ಬ್ಯಾರೆ ಏನರೆ ಅಂದಿದ್ರ ಸುಮ್ನಿರ್ತಿದ್ದೆ.”

ಕೇಳಬೇಕಾದ ಒಂದು ಮಾತು ನನ್ನಲ್ಲೂ ಇತ್ತು. ತಪ್ಪು ಒಪ್ಪಿಕೊಳ್ಳಲು ಹೋದವಳು ಅದನ್ನು ನುಂಗಿಕೊಂಡು ಬರಬೇಕೆಂದು ನನಗೆ ಅನ್ನಿಸಲಿಲ್ಲ.

“ನೀ ನನಗ ಗಾಡಿ ಬಿಡಬ್ಯಾಡ ಅಂದಿ. ಕಾಕಾ ಅಂದಿದ್ದಕ್ಕ ನನಗ ಏನೂ ಅನಿಸಿಲ್ಲ. ನೀ ಅಂದಿ.”

ಅವನು ತಲೆ ಆಡಿಸಿದ. “ಹೌದು,” ಎಂದ. “ಹೋಳಿಗಿ ಮುರಕೋತ ಅಂದೆ. ನಿನ್ನ ಮಾರಿ ನೋಡಿ ಅನ್ನಾಕ ಆಗಲಿಲ್ಲ.”

ಗಿರಣಿಯ ಮುಂದೆ ಬಂದು ಕೆಲಸ ಹಚ್ಚು ಎಂದೆ. ಬೇಡವೆಂದ. ಅದಾದ ಮೇಲೆ ಒಂದು ಬೆಳಿಗ್ಗೆ ನನ್ನ ಗಂಡ ತಾವೇ ಗಿರಣಿಯ ಪಕ್ಕದ ಜಾಗ ಗುಡಿಸಿ, ಮೇಲೆ ತಗಡು ಹಾಕಿಸಿದರು. ಯಾರಿಗೆ ಎಂದು ಕೇಳಿದವರಿಗೆ ಹೇಳಲಿಲ್ಲ. ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ ತಮ್ಮ ತನ್ನ ಪೆಟ್ಟಿಗೆ ತಂದು ಅಲ್ಲಿಟ್ಟ. ಮೊದಲು ಮಾಡಿದ ಕೆಲಸ, ನನ್ನ ಗಾಡಿಯ ಗಾಜಿನ ಬುಡದ ಪಟ್ಟಿಯ ಕೆಳಗೆ ತಂತಿಯ ಜಾಳಿ ಕೂರಿಸಿದ್ದು. ಹಳೆಯ ಗಿರಾಕಿಗಳಲ್ಲಿ ಕೆಲವರು ಬಂದರು. ಕೆಲವರು ಇವತ್ತಿಗೂ ಬಂದಿಲ್ಲ. ಯಾರು ಬಂದಿಲ್ಲ ಎಂದು ನನಗೆ ಒಬ್ಬೊಬ್ಬರೂ ಗೊತ್ತು. ಅವರ ಗಾಡಿ ಬೇರೆ ಗ್ಯಾರೇಜಿನ ಮುಂದೆ ಕಂಡಾಗಲೆಲ್ಲ ನನ್ನ ಮಾತೇ ಅಲ್ಲಿ ನಿಂತಂತೆ ಕಾಣುತ್ತದೆ. ತಮ್ಮ ಹಗಲೆಲ್ಲ ನಮ್ಮ ಗೋಡೆಗೆ ಬೆನ್ನು ಕೊಟ್ಟು ಕೆಲಸ ಮಾಡುತ್ತಿದ್ದ, ಊಟದ ಹೊತ್ತಿಗೆ ತನ್ನ ಮನೆಗೆ ಹೋಗುತ್ತಿದ್ದ. ನಾನು ಕರೆದೆ. ಒತ್ತಾಯ ಮಾಡಲಿಲ್ಲ.

ಈ ಸಲದ ದಸರೆಗೆ ಅವನು ಬರುವವರೆಗೆ ಕಾಯಲಿಲ್ಲ. ಬನ್ನಿಯನ್ನು ಅವನ ಪೆಟ್ಟಿಗೆಯಲ್ಲಿದ್ದ ಹಳೆಯ ತಾಮ್ರದ ತಂತಿಯಿಂದಲೇ ಕಟ್ಟಿ, ಗಾಡಿ ತೆಗೆದು ಅವನ ಓಣಿಗೆ ಹೋದೆ. ತಿರುವಿನಲ್ಲಿ ಕಾಕಾ ಎದುರಾದರು, ಕೈಯಲ್ಲಿ ಅವರೂ ಎಲೆ ಹಿಡಿದಿದ್ದರು. ಗಾಡಿ ನಿಲ್ಲಿಸಿ ಇಳಿದು, ಮೊದಲು ಅವರ ಕೈಗೆ ಬನ್ನಿಯ ಎರಡು ಬಿಡಿ ಎಲೆ ಕೊಟ್ಟು ಕಾಲು ಮುಟ್ಟಿದೆ. ಹಿರಿಯರು, ಅದು ಸಲ್ಲಬೇಕಾದದ್ದು.

“ಎಲ್ಲಿಗಿ ಹೊಂಟಿ?”

“ತಮ್ಮನ ಮನಿಗಿ. ಬನ್ನಿ ಕೊಡಾಕ.”

“ಹಿರ್ಯಾಕಿ ನೀ. ಸಣ್ಣವನ ಮನಿಗಿ ನೀ ಹೋಗ್ತೀಯಾ? ಉಲ್ಟಾ ಪದ್ಧತಿ ಹಚ್ಚಾಕತ್ತಿ.”

“ಹೌದು ಕಾಕಾ. ಅದೂ ಗಾಡಿ ಬಿಟ್ಕೊಂಡು ಹೊಂಟೀನಿ.”

ತಮ್ಮನ ಬಾಗಿಲು ಹಾಕಿತ್ತು. ಅವನ ಹೆಸರು ಹಿಡಿದು ಕರೆದೆ. ಒಳಗೆ ಮಾತು ಕೇಳುತ್ತಿತ್ತು, ನಿಂತಿತು. ಹೊರಗೆ ಎಲೆ ಹಿಡಿದು ನಿಂತವರಿಗೆ ಆ ಹೊತ್ತು ಎಷ್ಟು ಉದ್ದ ಎಂದು ಅವತ್ತು ನನಗೆ ಗೊತ್ತಾಯಿತು. ಇನ್ನೊಮ್ಮೆ ಕರೆದೆ. ತೆರೆಯದಿದ್ದರೂ ಅಲ್ಲಿಂದ ಕದಲಬಾರದೆಂದು ನಿಂತಿದ್ದೆ.

ಅಗಳಿ ಸರಿದ ಸಪ್ಪಳವಾಯಿತು. ತಮ್ಮ ಹೊಸ್ತಿಲಲ್ಲಿ ನಿಂತು ನನ್ನನ್ನೂ ನನ್ನ ಹಿಂದಿದ್ದ ಗಾಡಿಯನ್ನೂ ನೋಡಿದ. ಆಮೇಲೆ ಎರಡೂ ಕೈ ಮುಂದೆ ಚಾಚಿದ.

“ಕೈಯಾಗ ಕೊಡು ಅಕ್ಕಾ. ಗಾಡಿ ಮ್ಯಾಲ ಇಟ್ಟು ಹೋಗಬ್ಯಾಡ.”

ಕೊಟ್ಟೆ. ತಂತಿಯ ತುದಿ ಒಳಗೆ ಮಡಚಿದೆಯೋ ಇಲ್ಲವೋ ಎಂದು ಅವನು ಹೆಬ್ಬೆರಳಿನಿಂದ ಸವರಿ ನೋಡಿದ. ಮಡಚಿತ್ತು. “ಒಳಗ ಬಾ,” ಎಂದ.